ದೈತ್ಯನ ಮುಖ ಅಳಿಸಿದವರು

ಸಿಂಗಪುರದ ಬಿಶಾನ್ ಸ್ಟೇಷನ್ನಿನಲ್ಲಿ ಮೊನ್ನೆ ನನ್ನ ರೈಲು ತಪ್ಪಿತು. ಓಡಿ ಹಿಡಿಯುವ ವಯಸ್ಸು ಹೇಗೂ ದಾಟಿದೆ, ಆದರೆ ಅಂದು ನಾನು ಓಡುವ ಪ್ರಯತ್ನವನ್ನೂ ಮಾಡಲಿಲ್ಲ. ಗೋಡೆಯ ಮೇಲೆ ಮ್ಯೂಸಿಯಂನ ಜಾಹೀರಾತೊಂದಿತ್ತು, ಹಳೆಯ ಪರ್ಷಿಯನ್ ಚಿತ್ರಗಳ ಪ್ರದರ್ಶನದ್ದು. ಅದರಲ್ಲಿ ನೀಲಿ ಮೈಯ, ಬಿಳಿ ಚುಕ್ಕೆಗಳ ದೈತ್ಯನೊಬ್ಬ ಹಲ್ಲು ಕಿರಿದುಕೊಂಡು ನಿಂತಿದ್ದ. ಪರಿಚಯದವನೇ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ವರ್ಷಗಟ್ಟಲೆ ಇದ್ದವನು.

ಅವನನ್ನು ಮನೆಗೆ ತಂದವಳು ನನ್ನ ಹೆಂಡತಿ ವಿಮಲಾ. ಮಗಳು ದೊಡ್ಡ ಸ್ಕೂಲಿಗೆ ಹೋದ ಮೇಲೆ ಹೊತ್ತು ಹೋಗದೆ, ಮ್ಯೂಸಿಯಂನಲ್ಲಿ ಸಂಬಳವಿಲ್ಲದ ಗೈಡ್ ಆಗಿ ಸೇರಿಕೊಂಡಳು. ಅವಳ ಪಾಲಿಗೆ ಬಂದದ್ದು ಪರ್ಷಿಯಾದ ಕೈಬರಹದ ಪುಸ್ತಕಗಳ ಕೋಣೆ. ಆ ಪುಟಗಳಲ್ಲಿ ರಾಜರಿದ್ದರು, ಹೂದೋಟಗಳಿದ್ದವು, ಚೆಲುವೆಯರಿದ್ದರು. ಇವಳು ಮನಸೋತದ್ದು ಮಾತ್ರ ದೀವ್‌ಗಳಿಗೆ. ಅಲ್ಲಿಯವರು ದೈತ್ಯರನ್ನು ಕರೆಯುವುದು ಹಾಗೆ.

ಪ್ರತಿ ಟೂರಿಗೆ ಮೊದಲು ಅಡುಗೆಮನೆಯಲ್ಲಿ ಪ್ರಾಕ್ಟೀಸ್ ನಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡರೆ ಅವಳಿಗೆ ಧೈರ್ಯ. ಕೇಳುಗ ನಾನೊಬ್ಬನೇ, ಅದೂ ಹುರುಳಿಕಾಯಿಯ ನಾರು ತೆಗೆಯುತ್ತ.

“ನೋಡಿ ಸರ್,” ಎನ್ನುವಳು. ಆ ಹೊತ್ತಿನಲ್ಲಿ ನಾನು ‘ರೀ’ ಅಲ್ಲ, ಸರ್. “ಕೈಗೆ ಚಿನ್ನದ ಬಳೆ, ಕಾಲಿಗೆ ಕಡಗ, ಕತ್ತಿಗೆ ಗಂಟೆ. ಹೊಡೆದಾಡೋಕೆ ಬಂದೋನು ಇಷ್ಟೊಂದು ಡ್ರೆಸ್ ಮಾಡ್ಕೊಂಡು ಬರ್ತಾನಾ? ಪಾಪ, ಯಾರೋ ಮದ್ವೆ ಇದೆ ಅಂತ ಸುಳ್ಳು ಹೇಳಿ ಕರ್ಕೊಂಡು ಬಂದಿದಾರೆ.”

ನಾನು ಜನ್ಮವಿಡೀ ಚರಂಡಿ, ಕೊಳವೆಗಳ ಲೆಕ್ಕ ಹಾಕಿದ ಎಂಜಿನಿಯರ್. “ಅಷ್ಟು ದಪ್ಪ ಕೊಂಬಿನ ಭಾರ ಆ ಕತ್ತು ತಡೆಯುತ್ತಾ?” ಎಂದು ಕೇಳಿದರೆ, “ಪ್ರಶ್ನೆ ಎಲ್ಲ ಲಾಸ್ಟಲ್ಲಿ ಸರ್,” ಎಂದು ಬಾಯಿ ಮುಚ್ಚಿಸುವಳು.

ಹೇಳಿದ್ದಕ್ಕೆ ಉಲ್ಟಾ ಮಾಡುವುದು ದೀವ್‌ಗಳ ಹುಟ್ಟುಗುಣವಂತೆ. ಸಮುದ್ರಕ್ಕೆ ಎಸೆಯಬೇಡ ಎಂದು ಬೇಡಿಕೊಂಡರೆ ಸಮುದ್ರಕ್ಕೇ ಎಸೆಯುತ್ತವೆ. ಹದಿಮೂರರ ಮಗಳನ್ನು ಮನೆಯಲ್ಲಿಟ್ಟುಕೊಂಡಿದ್ದ ನಮಗೆ ಇದು ಹೊಸ ಸುದ್ದಿಯೇನಲ್ಲ. ಯುದ್ಧದಲ್ಲಿ ಸೋತ ದೀವ್‌ಗಳು ಪ್ರಾಣ ಉಳಿಸಿಕೊಳ್ಳಲು ರಾಜನಿಗೆ ಅಕ್ಷರ ಕಲಿಸಿದವು ಎಂಬ ಕಥೆಯೂ ಇದೆ. ಸಿಂಗಪುರದ ಟ್ಯೂಷನ್ ಹುಚ್ಚು ಅಲ್ಲಿಂದಲೇ ಶುರುವಾಗಿರಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ. ಮಗಳು ಫ್ರಿಜ್ ತೆರೆಯುತ್ತ, ಇಲ್ಲಿಯ ಮಕ್ಕಳ ಧಾಟಿಯಲ್ಲಿ, “ಅಮ್ಮಾ, ನಿನ್ನ ಡೀಮನ್ ಸೋ ಕ್ಯೂಟ್ ಲಾ, ಸ್ಕೇರಿನೇ ಇಲ್ಲ,” ಎಂದು ಹೇಳಿ ಹಾಲು ತೆಗೆದುಕೊಂಡು ಹೋಗುವಳು.

ವಿಮಲಾಳ ಟೂರು ಮುಗಿಯುತ್ತಿದ್ದುದು ಒಂದು ಹಾಳೆಯ ಮುಂದೆ. ಅದರಲ್ಲಿರುವ ದೀವ್‌ಗೆ ಮೈ ಇದೆ, ಬಳೆಯಿದೆ, ಬಾಲವೂ ಇದೆ. ಮುಖ ಮಾತ್ರ ಇಲ್ಲ. ಹಿಂದೆ ಯಾವಾಗಲೋ ಆ ಪುಸ್ತಕ ಓದಿದವರು ಬೆರಳು ಒದ್ದೆ ಮಾಡಿಕೊಂಡು ಉಜ್ಜಿಬಿಟ್ಟಿದ್ದಾರೆ. ಅವನ ದೃಷ್ಟಿ ತಮ್ಮ ಮೇಲೆ ಬೀಳದಿರಲಿ ಎಂಬ ಹೆದರಿಕೆಯಿಂದ ಎಂದು ತಿಳಿದವರು ಹೇಳುತ್ತಾರೆ. ಇವಳು ಒಪ್ಪುತ್ತಿರಲಿಲ್ಲ.

“ಹೆದರಿದೋರು ಆ ಪುಟಾನೇ ತೆಗೀತಿರ್ಲಿಲ್ಲ ಸರ್. ಇದು ಮತ್ತೆ ಮತ್ತೆ ಮುಟ್ಟಿ ಸವೆಸಿರೋದು. ಯಾರಿಗೋ ಇವನನ್ನ ಕಂಡ್ರೆ ತುಂಬಾ ಪ್ರೀತಿ ಇತ್ತು.”

ಅವಳು ಹೋಗಿ ಮೂರು ವರ್ಷವಾಯಿತು. ರೆಕಾರ್ಡ್ ಮಾಡಲು ಹೋದರೆ ನಾಚಿಕೊಂಡು ಫೋನ್ ಕಿತ್ತಿಡುತ್ತಿದ್ದಳು, ಹಾಗಾಗಿ ಒಂದು ತುಣುಕೂ ಉಳಿದಿಲ್ಲ. ಫ್ರಿಜ್ಜು ಕೆಟ್ಟು ಹೊಸದು ಬಂದಾಗ ಆ ಚಿತ್ರವೂ ಎಲ್ಲೋ ಹೋಯಿತು. ನಿಮಗೂ ಹೀಗಾಗಿದೆಯೋ ಏನೋ, ಹೋದವರ ಮಾತು ನೆನಪಿರುತ್ತದೆ, ದನಿ ದಿನದಿನಕ್ಕೆ ಜಾರುತ್ತದೆ. ಅವಳ ಆ ಮಾತನ್ನು ಯಾರ ಬಾಯಲ್ಲಾದರೂ ಸರಿ, ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ಬೇರೇನೂ ಬೇಡವಾಗಿತ್ತು ನನಗೆ.

ಭಾನುವಾರ ಆ ಪ್ರದರ್ಶನದಲ್ಲಿ ಕನ್ನಡದ ಕುಟುಂಬಗಳಿಗೆಂದೇ ಒಂದು ಟೂರ್ ಇತ್ತು. ಹೋದೆ. ಗೈಡ್ ಆಗಿದ್ದವಳು ಸಿಂಚನಾ ಎಂಬ ಬೆಂಗಳೂರಿನ ಹುಡುಗಿ, ಚುರುಕಿನವಳು. ಮುಖವಿಲ್ಲದ ದೀವ್‌ನ ಮುಂದೆ ಬಂದಾಗ ನಾನು ಎಲ್ಲರಿಗಿಂತ ಮುಂದೆ ಹೋಗಿ ನಿಂತೆ.

“ಇವನ ಫೇಸ್ ನೋಡಿ, ಪೂರ್ತಿ ರಬ್ ಮಾಡ್ಬಿಟ್ಟಿದಾರೆ. ಭಯಕ್ಕೆ,” ಎಂದಳು. ಗುಂಪನ್ನು ಕರೆದುಕೊಂಡು ಮುಂದಿನ ಚಿತ್ರಕ್ಕೆ ಹೊರಟೇಬಿಟ್ಟಳು.

ನಾನು ಅಲ್ಲೇ ನಿಂತು ಕೇಳಿದೆ. “ಪ್ರೀತಿಗೂ ಆಗಿರಬಹುದಲ್ವೇನಮ್ಮ?”

ಅವಳು ತಿರುಗಿದಳು. “ಅಯ್ಯೋ ಅಂಕಲ್, ಹಿಂದೆ ಒಬ್ರು ಗೈಡ್ ಹಾಗೇ ಹೇಳ್ತಿದ್ರಂತೆ! ಬಟ್ ಅದಕ್ಕೆ ಪ್ರೂಫ್ ಇಲ್ಲ, ಹೇಳ್ಬೇಡಿ ಅಂತ ನಮಗೆ ಟ್ರೈನಿಂಗಲ್ಲಿ ಹೇಳಿದಾರೆ.”

ನಗು ಬಂತು. ಹೇಳಬಾರದ ಮಾತಾಗಿಯಾದರೂ ನನ್ನ ವಿಮಲಾ ಅಲ್ಲಿ ಇದ್ದಳಲ್ಲ! ನಗುತ್ತಿದ್ದಂತೆಯೇ ಕಣ್ಣು ತುಂಬಿ, ಎದುರಿದ್ದ ಚಿತ್ರ ಮಸುಕಾಯಿತು. ಪರ್ಸ್ ತೆಗೆದೆ. ಅದರಲ್ಲಿ ಮನೆಯ ಪ್ರಿಂಟರಿನಲ್ಲಿ ತೆಗೆದ ಪುಟ್ಟ ಫೋಟೋ ಒಂದಿದೆ. ಸೀರೆಯ ಅಂಚು ಕಾಣುತ್ತದೆ, ಕಿವಿಯ ಓಲೆ ಕಾಣುತ್ತದೆ. ಕಣ್ಣು, ಮೂಗು, ಬಾಯಿ ಇದ್ದ ಕಡೆ ಹೆಬ್ಬೆರಳು ಆಡಿ ಆಡಿ ಬರೀ ಬಿಳಿ ಕಾಗದ ಉಳಿದಿದೆ.

“ಆ ಗೈಡ್ ಇವಳೇ, ನನ್ನ ಹೆಂಡತಿ,” ಎಂದೆ. “ಮುಖ ಅಳಿಸಿದ್ದು ನಾನು ಕಣಮ್ಮ. ಭಯಕ್ಕಲ್ಲ.”

ಸಿಂಚನಾ ಫೋಟೋವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಜೋಪಾನವಾಗಿ ನನಗೆ ವಾಪಸು ಕೊಟ್ಟಳು. ಆಮೇಲೆ ಮುಂದೆ ಹೋಗಿದ್ದ ಗುಂಪಿನ ಕಡೆ ಕೈ ಎತ್ತಿ, “ಎಲ್ರೂ ಒಂದ್ನಿಮಿಷ ಹಿಂದೆ ಬನ್ನಿ ಪ್ಲೀಸ್,” ಎಂದು ಕರೆದಳು. “ಈ ಚಿತ್ರದ ಬಗ್ಗೆ ನಾನು ಇನ್ನೊಂದು ಮಾತು ಹೇಳ್ಬೇಕು.”