ಬಚ್ಚಲಮನೆ ಬಾಗಿಲ ಮೇಲಿನ ಟವೆಲ್

ಖಾನಾಪುರದಲ್ಲಿ ನಮ್ಮ ಅಕ್ಕನ ಓಣಿಗೆ ಸೊಳ್ಳೆ ಸರ್ವೆಯವರು ಬಂದರೆ ಸಾಕು, ಎಲ್ಲ ಮನೆಯ ಹೆಣ್ಣುಮಕ್ಕಳೂ ಒಮ್ಮೆಲೇ ಸ್ನಾನಕ್ಕೆ ಹೋಗಿಬಿಡುತ್ತಾರೆ. ಮಧ್ಯಾಹ್ನ ಮೂರು ಗಂಟೆಯಾದರೂ ಸರಿ!

ನಂಬುವುದಿಲ್ಲವೇ? ಕಳೆದ ತಿಂಗಳು ಕಣ್ಣಾರೆ ಕಂಡೆ. ಅಕ್ಕನ ಮಗಳು ಅಶ್ವಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ನೋಡಿಕೊಂಡು ಬರಲು ಬೆಳಗಾವಿಯಿಂದ ಬಸ್ ಹತ್ತಿದ್ದೆ. (ಕೈಯಲ್ಲಿ ಚುರುಮುರಿ ಪೊಟ್ಟಣ. ಅದೂ ನಮ್ಮೂರ ಕ್ಯಾಂಪ್ ಬಡಾವಣೆಯದೇ ಬೇಕಂತೆ ಬಸುರಿಗೆ.)

ಹೆರಿಗೆಯಾದ ಮೇಲೆ ಬಾಣಂತಿಗೆ, ಕೂಸಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು. ನಳದ ನೀರು ದಿನಾ ಬರುವುದಿಲ್ಲ. ಅಕ್ಕ ಬಿಡುವಳೇ? ಹಂಚಿನಿಂದ ಇಳಿದ ಮಳೆನೀರನ್ನು ಕೊಡದಲ್ಲಿ ಹೊತ್ತು, ಹಿತ್ತಲ ಬಚ್ಚಲಮನೆಯಲ್ಲಿ ಎರಡು ಬ್ಯಾರಲ್ ತುಂಬಿಸಿದ್ದಳು. ಮಳೆನೀರಲ್ಲಿ ಎರೆದರೆ ಕೂಸಿನ ಮೈ ಮೆತ್ತಗಾಗುತ್ತದೆ ಎಂಬುದು ಅವಳ ಥಿಯರಿ.

ಸೋಸಲೆಂದು ಬ್ಯಾರಲ್ ಬಾಯಿಗೆ ಹಳೆಯ ಸೀರೆ ಕಟ್ಟಿದ್ದಳು. ಅದು ಜೋತುಬಿದ್ದು, ಮೇಲೆಯೇ ನೀರು ನಿಂತಿತ್ತು. ಮೊಬೈಲ್ ಟಾರ್ಚ್ ಬಿಟ್ಟೆ. ಸೊಳ್ಳೆ ಮರಿಗಳು ಪುಳಪುಳನೆ ಓಡಾಡುತ್ತಿದ್ದವು. ಬಸುರಿಗೆ ಡೆಂಗಿ ಬಂದರೆ ಎರಡು ಜೀವಕ್ಕೂ ಅಪಾಯವೆಂದು ಡಾಕ್ಟರು ಮೊದಲೇ ಹೇಳಿದ್ದರು. ಚೆಲ್ಲು ಎಂದರೆ ಅಕ್ಕ ಕೇಳಬೇಕಲ್ಲ? ಮಳೆನೀರಲ್ಲಿ ಹುಳ ಇದ್ದದ್ದೇ, ಸೋಸಿದರಾಯಿತು ಎಂದಳು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಸೊಳ್ಳೆ ಸರ್ವೆಗೆ ಬಂದ ಆಶಾ ಕಾರ್ಯಕರ್ತೆಯ ದನಿ. ಲಾರ್ವಾ ಕಂಡರೆ ಅವರು ನೀರು ಚೆಲ್ಲಿಸುತ್ತಾರೆ. ಅಕ್ಕನ ಸ್ಪೀಡ್ ನೋಡಬೇಕಿತ್ತು! ಬಚ್ಚಲ ಬಾಗಿಲು ಎಳೆದು, ಅದರ ಮೇಲೊಂದು ಟವೆಲ್ ಹಾಕಿದಳು. ಒಳಗೆ ಯಾರೋ ಇದ್ದಾರೆಂದು ಅರ್ಥ. ಇಡೀ ಓಣಿಯ ಉಪಾಯವೇ ಇದಂತೆ.

"ಒಳಗ ಮಗಳು ಜಳಕಾ ಮಾಡಾಕತ್ತಾಳ್ರಿ. ಆಮ್ಯಾಲೆ ಬರ್ರಿ," ಎಂದಳು.

ಅದೇ ಹೊತ್ತಿಗೆ ಮಗಳು ಅಡುಗೆಮನೆಯಿಂದ ಚುರುಮುರಿ ಮೆಲ್ಲುತ್ತ ಬರಬೇಕೇ? ಆಶಾ ಕಾರ್ಯಕರ್ತೆ ಟವೆಲ್ ನೋಡಿದರು, ಅಶ್ವಿನಿಯನ್ನೂ ನೋಡಿದರು. ಅಶ್ವಿನಿಗೆ ಎಲ್ಲ ತಿಳಿಯಿತು. ಟವೆಲ್ ತೆಗೆದು ಬಾಗಿಲು ನೂಕಿದಳು.

"ಯವ್ವಾ, ನೀರು ಚೆಲ್ಲಿದ್ರ ಮತ್ತ ತುಂಬೂಣು. ನನಗ ಡೆಂಗಿ ಬಂದ್ರ ಯಾರಿಗೆ ಎರೀತಿ?"

ಅಕ್ಕ ತಾನೇ ಸೀರೆಯ ಗಂಟು ಬಿಚ್ಚಿದಳು. ನಾನೂ ಅವಳೂ ಸೇರಿ ಬ್ಯಾರಲ್ ಉರುಳಿಸಿದೆವು. "ಕೂಸಿಗಂತ ತುಂಬಿದ್ನಲ್ಲಾ," ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ವಾರಕ್ಕೊಮ್ಮೆ ಬ್ಯಾರಲ್ ತಿಕ್ಕಿ ತೊಳೆದು, ಬಿಗಿ ಮುಚ್ಚಳ ಹಾಕುತ್ತಾಳೆ.

ಖಾನಾಪುರವನ್ನು ನೋಡಿ ನಗಬೇಡಿ, ಬೆಳಗಾವಿಯ ನಾವೇನು ಕಡಿಮೆಯೇ? ಓಣಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಕೂಗು: ಫಾಗಿಂಗ್ ಮಾಡಿಸಿ! ಹೊಗೆ ಬಂದುಹೋದರೆ ನೆಮ್ಮದಿಯ ನಿದ್ದೆ. ಹೊಗೆಗೆ ಸಾಯುವುದು ಹಾರುವ ಸೊಳ್ಳೆ ಮಾತ್ರ. ನೀರೊಳಗಿನ ಮರಿಯ ಕೂದಲೂ ಕೊಂಕುವುದಿಲ್ಲ. ಆದರೂ ನಮಗೆ ಹೊಗೆಯೇ ಇಷ್ಟ. ಯಾಕೆ ಗೊತ್ತೇ? ಹೊಗೆಯ ಗಾಡಿ ಬೀದಿಯಲ್ಲೇ ಹೋಗುತ್ತದೆ, ಸರ್ವೆಯವರು ಒಳಗೆ ಬರುತ್ತೇವೆ ಅನ್ನುತ್ತಾರೆ.

ಅಂದಹಾಗೆ, ನಿಮ್ಮ ಮನೆಯಲ್ಲಿ ಯಾರಿಗೆಂದು ನೀರು ತುಂಬಿಟ್ಟಿದ್ದೀರಿ? ಅದರೊಳಗೆ ಒಮ್ಮೆಯಾದರೂ ಇಣುಕಿ ನೋಡಿದ್ದೀರಾ?