ಬಾವಿಯ ಹಾಡು ಮತ್ತು ನನ್ನ ಗೇಟ್ ಪಾಸು

ನಮ್ಮ ಬ್ಯಾಂಡಿನ ಹಾಡುಗಳಲ್ಲಿ ಜನ ಮತ್ತೆ ಮತ್ತೆ ಕೇಳುವುದು ಒಂದನ್ನೇ. ಕಾರವಾರದ ಕಡಲತೀರದ ಕಾರ್ಯಕ್ರಮವಿರಲಿ, ಅಂಕೋಲೆಯ ಮದುವೆ ಆರತಕ್ಷತೆಯಿರಲಿ, ಗದ್ದಲದ ಹಾಡುಗಳೆಲ್ಲ ಮುಗಿದ ಮೇಲೆ ಹಿಂದಿನಿಂದ ಯಾರಾದರೂ "ಬಾವೀದು ಹಾಡ್ರೋ" ಎಂದು ಕೂಗುತ್ತಾರೆ. ಡ್ರಮ್ಸ್ ಮೆಲ್ಲಗಾಗುತ್ತದೆ. ಗಿಟಾರಿನ ತಂತಿಗಳು ಒಂದೊಂದಾಗಿ ಮಿಡಿಯುತ್ತವೆ. ನಾನು ಕಣ್ಣು ಮುಚ್ಚಿ ಹಾಡುತ್ತೇನೆ. ಹಾಡಿನಲ್ಲಿ ಮುಳುಗಿ ಮುಚ್ಚುತ್ತೇನೆಂದು ಜನ ತಿಳಿದಿದ್ದಾರೆ. ನಿಜವೆಂದರೆ, ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತ ಗೆಳೆಯನ ಮುಖ ನೋಡಲು ನನ್ನಿಂದಾಗುವುದಿಲ್ಲ.

ನಾವು ಮೂವರು ಕಾಲೇಜಿನಲ್ಲಿ ಜೊತೆಯಾದವರು. ಡ್ರಮ್ಸ್ ಬಾರಿಸುವವನು ಮೀನುಗಾರರ ಮನೆಯವನು. ಅವರ ಬಲೆ ಇಡುವ ಶೆಡ್ಡಿನಲ್ಲೇ ನಮ್ಮ ತಾಲೀಮು. ಹಾಡು ಕಟ್ಟುವವನು ಗಿಟಾರಿನ ಗೆಳೆಯ. ಅವನ ಅಜ್ಜಿಯ ಮನೆ ಮೊದಲು ಕಾರವಾರದ ಹತ್ತಿರದ ಅರ್ಗಾದಲ್ಲಿತ್ತು. ನೌಕಾನೆಲೆ ಬಂದಾಗ ಮನೆ, ಗದ್ದೆ, ಬಾವಿ ಎಲ್ಲ ಬೇಲಿಯ ಒಳಗೆ ಸೇರಿದವು. ಅಜ್ಜಿಯ ಕುಟುಂಬ ಅಂಕೋಲೆಯ ಕಡೆ ಬಂದು ಹೊಸ ಮನೆ ಕಟ್ಟಿತು. ಗೆಳೆಯ ಹುಟ್ಟಿದ್ದು ಆಮೇಲೆ. ಕಡಲು ಕೂಗಳತೆಯಲ್ಲಿದ್ದರೂ ಸಿಹಿಯಾಗಿದ್ದ ಆ ಬಾವಿಯ ನೀರನ್ನು ಅವನು ಕುಡಿದವನಲ್ಲ. ಅಜ್ಜಿಯ ಬಾಯಲ್ಲಿ ಕೇಳಿದವನು.

ಒಂದು ಮಳೆಗಾಲ, ದೋಣಿಗಳೆಲ್ಲ ದಡದಲ್ಲಿದ್ದಾಗ, ಅವನು ಶೆಡ್ಡಿಗೆ ಬಂದು ಬಲೆಯ ರಾಶಿಯ ಮೇಲೆ ಕುಳಿತು ಹೊಸ ಹಾಡು ನುಡಿಸಿದ. ಹೊಸ ಮನೆಯ ನಲ್ಲಿ ನೀರು ಕುಡಿದಾಗಲೆಲ್ಲ ಮುಖ ಕಿವುಚುವ ಮುದುಕಿಯ ಹಾಡು. ಯಾರೂ ಸೇದದಿದ್ದರೂ ಬಾವಿ ಆಕಾಶವನ್ನು ಹಿಡಿದುಕೊಂಡು ಕೊಡಕ್ಕಾಗಿ ಕಾದಿದೆ ಎಂಬುದು ಕೊನೆಯ ಚರಣ. ನುಡಿಸಿ ಮುಗಿಸಿ ನನ್ನ ಕಡೆ ತಿರುಗಿದ. "ನೀನೇ ಹಾಡು. ನನ್ನ ದನಿ ಒಡೀತದೆ," ಎಂದ.

ಹಾಡು ಊರಿನಲ್ಲಿ ಹಬ್ಬುತ್ತಿದ್ದ ಹೊತ್ತಿಗೇ ನನಗೆ ನೌಕಾನೆಲೆಯೊಳಗೆ ಗುತ್ತಿಗೆಯ ಎಲೆಕ್ಟ್ರಿಶಿಯನ್ ಕೆಲಸ ಸಿಕ್ಕಿತು. ನಮ್ಮ ಮನೆಗೆ ಅದು ಬೇಕೇ ಬೇಕಿತ್ತು. ಗೆಳೆಯ ಖುಷಿಯಾಗಿಯೇ ನನ್ನನ್ನು ಅಜ್ಜಿಯ ಹತ್ತಿರ ಕರೆದುಕೊಂಡು ಹೋದ. ಅಜ್ಜಿ ನನ್ನ ಗೇಟ್ ಪಾಸನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು.

"ನೀ ದಿನಾ ಒಳಗೆ ಹೋಗ್ತೆ ಅಲ್ಲಾ ತಮಾ? ಗುಡ್ಡದ ಬುಡದಲ್ಲಿ ಜೋಡಿ ಸುರಗಿ ಮರ ಅದೆ. ಅಲ್ಲೇ ನಮ್ಮ ಬಾವಿ. ಕಂಡ್ರೆ ಹೇಳು."

ಹೂಂ ಎಂದೆ. ಕೆಲವು ತಿಂಗಳು ಮರೆತೇಬಿಟ್ಟೆ. ಸುರಗಿ ಹೂವರಳುವ ಕಾಲದಲ್ಲಿ ಒಂದು ಬೆಳಿಗ್ಗೆ ಬೈಕ್ ನಿಲ್ಲಿಸಿ ಇಳಿದಾಗ ಘಮ್ಮೆಂದು ವಾಸನೆ ಬಂತು. ತಲೆಯೆತ್ತಿದರೆ ಜೋಡಿ ಮರ. ಬಾವಿ ಇಲ್ಲ, ಸಪಾಟು ನೆಲ. ನಮ್ಮ ಬೈಕುಗಳು ಸಾಲಾಗಿ ನಿಂತಿದ್ದವು. ಜೊತೆಯ ಹಿರಿಯ ಕೆಲಸಗಾರನನ್ನು ಕೇಳಿದೆ.

"ಬಾವಿಯಾ? ಯಾರಾದ್ರೂ ಬಿದ್ದಾರು ಅಂತ ಯಾವಾಗ್ಲೋ ಮುಚ್ಚಿದ್ದು," ಎಂದ.

ಅಷ್ಟು ತಿಂಗಳೂ ನೆರಳಿದೆಯೆಂದು ನಾನು ಆ ಜಾಗವನ್ನೇ ಹುಡುಕಿ ಬೈಕ್ ನಿಲ್ಲಿಸುತ್ತಿದ್ದೆ. ಅವತ್ತು ಅದನ್ನು ತಳ್ಳಿಕೊಂಡು ಹೋಗಿ ಬಿಸಿಲಿನಲ್ಲಿಟ್ಟೆ. ಅದರಿಂದ ಯಾರಿಗೆ ಏನು ಲಾಭವಾಯಿತೋ ತಿಳಿಯದು.

ಗೆಳೆಯನಿಗೆ ಹೇಳಿದೆ. ಅವನು ಗಿಟಾರನ್ನು ಕೆಳಗಿಟ್ಟ.

"ಅಜ್ಜಿಗೆ ಹೇಳ್ಬೇಡಾ ಮಾರಾಯಾ."

"ಕೊನೇ ಚರಣ?"

"ಅದು ಹಾಗೇ ಇರ್ಲಿ."

ಮುಂದಿನ ಕಾರ್ಯಕ್ರಮ ಅಂಕೋಲೆಯಲ್ಲಿತ್ತು. ಅಜ್ಜಿ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಸುಳ್ಳೆಂದು ಗೊತ್ತಿದ್ದ ಆ ಚರಣವನ್ನು ಅವರ ಎದುರಿಗೇ ಹಾಡಿದೆ; ಕಣ್ಣು ಮುಚ್ಚುವುದು ಶುರುವಾದದ್ದು ಅವತ್ತೇ. ಜನ ಚದುರಿದ ಮೇಲೆ ಅಜ್ಜಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಬಾವಿ ಇಲ್ಲ ಅಲ್ಲಾ?"

"ಇಲ್ಲ ಅಜ್ಜಿ. ಮುಚ್ಚಿದ್ದಾರೆ."

"ನಂಗೆ ಗೊತ್ತಿತ್ತು. ಸೇದೂರೇ ಇಲ್ದೇ ಹೋದ್ಮೇಲೆ ಬಾವಿ ಇಟ್ಕಂಡು ಅವ್ರು ಎಂತಾ ಮಾಡ್ಬೇಕು?" ಎಂದು ನನ್ನ ಕಡೆ ಬಾಗಿದರು. "ಮೊಮ್ಮಗಳು ಕಂಪ್ಯೂಟರ್ ಕಲ್ತು ಮನೇಲೇ ಕೂತದೆ ತಮಾ. ಒಳಗೆ ಏನಾದ್ರೂ ಕೆಲ್ಸ ಇದ್ರೆ ನಿಮ್ಮ ಸಾಹೇಬ್ರ ಹತ್ರ ಒಂದು ಮಾತು ಹೇಳು."

ಗೆಳೆಯ ಅಲ್ಲೇ ವಯರು ಸುತ್ತುತ್ತಿದ್ದ. ಅವನ ಕೈ ನಿಂತಿತು.

"ಅಜ್ಜೀ, ಇವತ್ತೇ ಕೇಳ್ಬೇಕಿತ್ತಾ ಅದನ್ನ?"

"ಮತ್ತೆ ಯಾವತ್ತು ಕೇಳೂದು? ನೀ ಹಾಡು ಕಟ್ತಾ ಇರು. ಅವಳ ಜೀವ್ನ ನಡೀಬೇಕಲ್ಲಾ."

ನಾನು ಗುತ್ತಿಗೆದಾರರ ಹತ್ತಿರ ಹೇಳಿದೆ. ಗೆಳೆಯನ ತಂಗಿಗೆ ನೆಲೆಯೊಳಗಿನ ಸ್ಟೋರಿನಲ್ಲಿ ಕೆಲಸವಾಯಿತು. ಒಳ್ಳೆಯದನ್ನೇ ಮಾಡಿದೆ ಎಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ, ಅವರದೇ ಅಂಗಳಕ್ಕೆ ಅವರನ್ನು ಕೂಲಿಗೆ ಕರೆದೊಯ್ದ ಹಾಗೆ ಅನ್ನಿಸುವುದು ತಪ್ಪಲಿಲ್ಲ.

ಕೆಲವು ವಾರ ಗೆಳೆಯ ತಾಲೀಮಿಗೆ ಬರಲಿಲ್ಲ. ಬಂದ ದಿನ ಏನೂ ಆಗದವನಂತೆ ಗಿಟಾರಿನ ತಂತಿ ಬಿಗಿಮಾಡತೊಡಗಿದ. "ನನ್ನ ಮೇಲೆ ಸಿಟ್ಟಾ?" ಎಂದು ಕೇಳಿಯೇಬಿಟ್ಟೆ.

"ನಿನ್ನ ಮೇಲೆ ಯಾಕೆ? ತಂಗಿ ಖುಷಿಯಾಗಿದ್ದಾಳೆ," ಎಂದ.

ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಡ್ರಮ್ಸಿನವನು ಬಾವಿಯ ಹಾಡಿನ ತಾಳ ಕೊಟ್ಟ. ಬೇರೆ ಹಾಡಿನಿಂದ ಶುರುಮಾಡೋಣ ಎಂದೆ ನಾನು. ಇಬ್ಬರೂ ಬೇಡ ಎನ್ನಲಿಲ್ಲ.