ಬಾಗಿಲಿರುವ ಕೋಣೆ

ಮನೆಯಲ್ಲಿ ಏಟು ತಿನ್ನುವ ಹೆಂಗಸರಿಗೆ ಕಾನೂನಿನ ಪ್ರಕಾರ ಸಿಗಬೇಕಾದದ್ದು ನಿಜಕ್ಕೂ ಸಿಗುವಂತೆ ಅಧಿಕಾರಿಗಳ ಬೆನ್ನು ಹತ್ತುವುದೇ ನನ್ನ ಕೆಲಸ. ಹೊನ್ನಾಳಿಯಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಇದ್ದೇನೆ. ಚನ್ನಗಿರಿ, ನ್ಯಾಮತಿ, ಜಗಳೂರು ಎಂದು ಬಸ್ಸಿನಲ್ಲೇ ಆಯಸ್ಸು ಕಳೆಯುತ್ತಿದೆ.

ನಾನು ಎಲ್ಲಕ್ಕಿಂತ ಹೆಚ್ಚು ಹಟ ಹಿಡಿದದ್ದು ಒಂದು ಕೋಣೆಗಾಗಿ. ಜಗಳೂರಿನ ಒಂದು ಕಚೇರಿಯಲ್ಲಿ ಆಗ ಇಂಥ ದೂರುಗಳನ್ನು ಜನ ಓಡಾಡುವ ವರಾಂಡದಲ್ಲೇ ಕೇಳುತ್ತಿದ್ದರು. ಸೊಕ್ಕೆ ಎಂಬ ಹಳ್ಳಿಯಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಬಾತಿದ್ದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನನ್ನ ಪಕ್ಕ ಕೂತು ಬಾಯಿ ತೆರೆಯುವಷ್ಟರಲ್ಲಿ, ಯಾವುದೋ ಕೆಲಸಕ್ಕೆ ಬಂದಿದ್ದ ಅವಳ ಮೈದುನ ಎದುರಿಗೇ ನಿಂತ.

"ಏನತ್ತಿಗೆ, ಇಲ್ಲಿ?"

"ಏನಿಲ್ಲಪ್ಪ, ರೇಷನ್ ಕಾರ್ಡಿಗೆ ಮಗಳ ಹೆಸ್ರು ಸೇರ್ಸಾಕೆ ಬಂದಿದ್ದೆ," ಎಂದು ಎದ್ದುಬಿಟ್ಟಳು. ಮಗಳು ನನ್ನನ್ನು ತಿರುಗಿ ತಿರುಗಿ ನೋಡುತ್ತಾ ಹಿಂದೆ ಹೋದಳು.

ಆಮೇಲೆ ಪ್ರತಿ ಸಭೆಯಲ್ಲೂ ನನ್ನದು ಒಂದೇ ಮಾತು: ಬಾಗಿಲಿರುವ ಕೋಣೆ ಕೊಡಿ, ಹಿಂದಿನಿಂದ ಬರಲು ದಾರಿ ಕೊಡಿ. ಒಬ್ಬ ಅಧಿಕಾರಿ ನಕ್ಕು, "ಫೈಲ್ ಇಡಾಕೇ ಜಾಗ ಇಲ್ಲ ಮೇಡಂ, ಅಳಾಕೆ ಬೇರೆ ರೂಮ್ ಎಲ್ಲಿಂದ ತರಾಣ?" ಎಂದರು. ಅವರು ವರ್ಗವಾಗಿ ಹೋದರು. ಮುಂದೆ ಬಂದವರಿಗೆ ಮೊದಲಿಂದ ಹೇಳಿದೆ. ಹಿತ್ತಿಲ ಕಡೆ ಮುರಿದ ಕುರ್ಚಿಗಳನ್ನು ತುಂಬಿದ್ದ ಕೋಣೆಯನ್ನು ತೋರಿಸಿದೆ. ಅವರು ಒಳಗೆ ಇಣುಕಿ ನೋಡಿ, "ಇದನ್ನೇ ಖಾಲಿ ಮಾಡಿಸ್ರಿ" ಎಂದರು.

ಕೋಣೆ ಸಿದ್ಧವಾದ ಮೇಲೆ ಸೊಕ್ಕೆಗೆ ಆಶಾ ಕಾರ್ಯಕರ್ತೆಯ ಮೂಲಕ ಸುದ್ದಿ ಕಳಿಸಿದೆ. ಆ ಹೆಂಗಸು ಬಂದಳು. ಕೂರುವ ಮೊದಲು, "ಚಿಲಕ ಹಾಕ್ಲೇನ್ರೀ?" ಎಂದು ಕೇಳಿದಳು. ಹಾಕಿ ಬಂದು, ತಡೆಯದೆ ಎಲ್ಲವನ್ನೂ ಹೇಳಿದಳು. ಆ ದೂರನ್ನು ಕೋರ್ಟಿಗೆ ಹಾಕಿಸಿದೆವು. ಅವಳು ಗಂಡನ ಮನೆಯಲ್ಲೇ ಇರಬಹುದೆಂದೂ ಗಂಡ ಹೊರಗಿರಬೇಕೆಂದೂ ಕೋರ್ಟು ಆದೇಶಿಸಿತು. ಅವನು ಬಸವಾಪಟ್ಟಣದ ಅಕ್ಕನ ಮನೆ ಸೇರಿದ.

ಮುಂದೊಂದು ದಿನ ಜಗಳೂರು ಸಂತೆಯಲ್ಲಿ ಅವಳು ಎದುರಾದಳು. ಜೊತೆಗೆ ಊರಿನ ಹೆಂಗಸರಿದ್ದರು. ಕಣ್ಣು ಕೂಡಿತು. ಅವಳು ತಟ್ಟನೆ ಈರುಳ್ಳಿ ರಾಶಿಯ ಕಡೆ ತಿರುಗಿದಳು. ನನ್ನನ್ನು ಮಾತಾಡಿಸಿದರೆ ಜೊತೆಯವರಿಗೆ ಅವಳ ಮನೆಯ ಕಥೆ ಗೊತ್ತಾಗುತ್ತದೆ. ಅದು ತಿಳಿದಿದ್ದೂ ಬಸ್ಸು ಹತ್ತುವ ಮೊದಲು ಒಮ್ಮೆ ಅವಳ ಕಡೆ ತಿರುಗಿ ನೋಡಿದೆ. ಕೈಹಿಡಿದು ಅತ್ತವರೆಲ್ಲ ಬೀದಿಯಲ್ಲಿ ನನಗೆ ಅಪರಿಚಿತರು. ಹೊನ್ನಾಳಿಯ ನನ್ನ ಬೀದಿಯವರೋ, ಸಂಸಾರ ಒಡೆಯುವವಳೆಂದು ನನ್ನನ್ನು ಮದುವೆ ಮುಂಜಿಗೆ ಕರೆಯುವುದಿಲ್ಲ.

ಈಚೆಗೆ ಚನ್ನಗಿರಿಯ ಕಾಲೇಜೊಂದರಲ್ಲಿ, ಹೊಡೆತವನ್ನು ಪ್ರೀತಿಯೆಂದು ತಿಳಿಯಬೇಡಿ ಎಂದು ಹುಡುಗ ಹುಡುಗಿಯರೊಡನೆ ಮಾತಾಡಿ ವೇದಿಕೆ ಇಳಿದೆ. ಹಾಸ್ಟೆಲಿನ ಒಬ್ಬ ಹುಡುಗಿ ಹತ್ತಿರ ಬಂದಳು. ಸೊಕ್ಕೆಯ ಆ ಹೆಂಗಸಿನ ಮಗಳು.

"ನೀವು ಬರ್ತೀರಂತ ಅವ್ವಗೆ ಫೋನ್ ಮಾಡಿದ್ದೆ ಮೇಡಂ. ಸಂತ್ಯಾಗೆ ಮಾತಾಡ್ಸಾಕೆ ಆಗ್ಲಿಲ್ಲ, ಬೇಜಾರ್ ಮಾಡ್ಕಾಬ್ಯಾಡ್ರಿ ಅಂತ ಹೇಳು ಅಂದ್ಲು."

"ಬೇಜಾರಿಲ್ಲಮ್ಮ. ಅವ್ವ ಹೆಂಗಿದ್ದಾಳೆ?"

"ಹೊಲಿಗೆ ಕಲಿಯಾಕೆ ಹೋಗ್ತಾಳ್ರೀ. ಈಗ ಚೆನ್ನಾಗಿ ನಿದ್ದೆ ಮಾಡ್ತಾಳೆ."

ಗೆಳತಿಯರು ಕೂಗಿದರು. ಅವಳು ಓಡಿದಳು.

ಸಂಜೆ ಮನೆ ಮುಟ್ಟಿದಾಗ ಮಾಲೀಕರ ಹೆಂಡತಿ ಜಗುಲಿಯ ಮೇಲಿದ್ದರು. "ಇವತ್ತು ಯಾವ ಕಡೆ ಹೋಗಿದ್ರಿ?" ಎಂದರು.

"ಚನ್ನಗಿರಿಗೆ."

ಆ ಅವ್ವ ಮಗಳ ಸುದ್ದಿ ಅವರಿಗೆ ಹೇಳುವಂತಿರಲಿಲ್ಲ. ಒಳಗೆ ಹೋಗಿ ಬೆಳಗಿನ ಸಾರು ಬಿಸಿಗಿಟ್ಟು, ಅನ್ನಕ್ಕೆ ಅಕ್ಕಿ ತೊಳೆದೆ.